ಬಿದರಿ ತಟ್ಟೆ ಮತ್ತು ತಾಮ್ರದ ಮನೆತನ

ಅವರ ಬಲಗೈಯ ಮೂರು ಬೆರಳ ತುದಿ ಸದಾ ಕಪ್ಪು. ಸಿಲ್ವರ್ ನೈಟ್ರೇಟಿನ ಕಲೆ. ಒಂದು ಮಾಸುವಷ್ಟರಲ್ಲಿ ಇನ್ನೊಂದು ಬೀಳುತ್ತಿತ್ತು. ಭಾಲ್ಕಿಯ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮೇಡಂ ಆ ಬೆರಳಿನಿಂದಲೇ ಗೋಡೆಯ ಆವರ್ತಕ ಕೋಷ್ಟಕ ಮುಟ್ಟಿ, "ತಾಮ್ರ, ಬೆಳ್ಳಿ, ಬಂಗಾರ. ಒಂದೇ ಮನಿತನದವ್ರು ನೋಡ್ರಿ. ಗುಣ ತಿಳೀಲಾರ್ದೆ ಯಾರನ್ನೂ ಮುಟ್ಟಬ್ಯಾಡ್ರಿ," ಎನ್ನುತ್ತಿದ್ದರು. ಪಾಠದ ಕೊನೆಗೊಂದು "ಯಾಕ?" ಕೇಳುವರು; ಉತ್ತರ ಬರುವವರೆಗೆ ಗಂಟೆ ಹೊಡೆದರೂ ಜಗ್ಗುತ್ತಿರಲಿಲ್ಲ.

ದ್ವಿತೀಯ ಪಿಯುಸಿಯಲ್ಲಿದ್ದಾಗ, ಕಾಲೇಜಿನ ಸಮಾರಂಭದ ಅತಿಥಿಗೆ ಕೊಡಲೆಂದು ತಂದಿದ್ದ, ಕಪ್ಪು ಲೋಹದಲ್ಲಿ ಬೆಳ್ಳಿಯ ಬಳ್ಳಿ ಕೂರಿಸಿದ ಬಿದರಿ ತಟ್ಟೆಯನ್ನು ಒರೆಸಿಡುವ ಕೆಲಸ ನನಗೆ ಬಂತು. ಒರೆಸಿದರೆ ಸಾಲದು, ಫಳಫಳ ಹೊಳೆಯಬೇಕು ಎಂಬ ಅತಿಬುದ್ಧಿ ನನ್ನದು. ಮೇಡಂ ಅವರ ಮೇಜಿನ ಖಾನೆಯಿಂದ ಚಾವಿ ತೆಗೆದು, ಬೀಗ ಹಾಕಿದ್ದ ಕಪಾಟು ತೆರೆದು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅರಿವೆ ಅದ್ದಿ ಉಜ್ಜಿದೆ. ಬುಸ್ಸೆಂದು ನೊರೆ ಎದ್ದು ಕಪ್ಪೆಲ್ಲ ಹೋಯಿತು. ಬೂದು ಲೋಹದ ಮೇಲೆ ಬೆಳ್ಳಿಯ ಬಳ್ಳಿ ಕಾಣದಂತಾಯಿತು. ಬೀದರ ಜಿಲ್ಲೆಯಲ್ಲಿ ಹುಟ್ಟಿಯೂ ಬಿದರಿಯ ಕಪ್ಪನ್ನು ಕೊಳೆ ಎಂದುಕೊಂಡವಳು ನಾನೊಬ್ಬಳೇ ಇರಬೇಕು.

ಪ್ರಾಚಾರ್ಯರು ಕೆಂಡವಾದರು. "ನಾಳಿಂದ ಈಕಿ ಲ್ಯಾಬಿಗೆ ಬರಂಗಿಲ್ಲ!"

ಲ್ಯಾಬು ತಪ್ಪಿದರೆ ಪರೀಕ್ಷೆಯೂ ತಪ್ಪುತ್ತಿತ್ತು.

"ತಪ್ಪು ನಂದೇರಿ ಸರ್," ಎಂದರು ಮೇಡಂ. "ಕಪಾಟಿಗೆ ಬೀಗ ಹಾಕೋದು ನಾನೇ ಮರ್ತಿದ್ದೆ."

ನಾನು ತುಟಿ ಬಿಚ್ಚಲಿಲ್ಲ. ಶಿಕ್ಷೆ ಅಲ್ಲಿಗೇ ನಿಂತಿತು.

ಅಂದೇ ಮೇಡಂ ತಟ್ಟೆಯೊಂದಿಗೆ ನನ್ನನ್ನು ಬೀದರಿನ ಬಸ್ಸು ಹತ್ತಿಸಿಕೊಂಡು ಹೋದರು. ಬಿದರಿ ಕೆಲಸದ ಉಸ್ತಾದರು ಬೀದರ ಕೋಟೆಯ ಮಣ್ಣನ್ನೂ ನವಸಾಗರದ ಉಪ್ಪನ್ನೂ ನೀರಲ್ಲಿ ಕಲಸಿ, ಕಾಯಿಸಿದ ತಟ್ಟೆಗೆ ತಿಕ್ಕಿದರು. ತೊಳೆದಾಗ ಕಪ್ಪು ಮರಳಿತ್ತು, ಬೆಳ್ಳಿ ಬೆಳ್ಳಗೇ ಉಳಿದಿತ್ತು.

"ಸತುವಿನಾಗ ಚೂರು ತಾಮ್ರ ಬೆರ್ಸಿರ್ತಾರ, ತಂಗಿ. ಕಣ್ಣಿಗೆ ಕಾಣಲ್ಲ. ಅದಿಲ್ಲಂದ್ರ ಈ ಕರಿ ಬಣ್ಣ ಬರಲ್ಲ," ಎಂದರು ಮೇಡಂ. ಒಂದು ಬೈಗುಳವೂ ಇಲ್ಲ. ಬೈದಿದ್ದರೆ ಅಷ್ಟು ಅಳು ಬರುತ್ತಿರಲಿಲ್ಲ.

ಈಗ ಬೀದರ ಬಳಿಯ ಕೊಳಾರದ ಕಾರ್ಖಾನೆಯೊಂದರ ಪ್ರಯೋಗಾಲಯ ನನ್ನ ಉಸ್ತುವಾರಿಯಲ್ಲಿದೆ. ಹೋದ ವರ್ಷ ಮೇಡಂ ತೀರಿಕೊಂಡರು. ಕಾಲೇಜಿನ ಶ್ರದ್ಧಾಂಜಲಿ ಸಭೆಯಲ್ಲಿ, ನಿವೃತ್ತರಾಗಿದ್ದ ಅದೇ ಪ್ರಾಚಾರ್ಯರು ಅವರ ಶಿಸ್ತನ್ನು ಬಾಯಿ ತುಂಬ ಹೊಗಳಿ, "ಒಮ್ಮೆ ಮಾತ್ರ ಆ್ಯಸಿಡಿನ ಕಪಾಟಿಗೆ ಬೀಗ ಹಾಕೋದು ಮರ್ತಿದ್ರು ನೋಡ್ರಿ," ಎಂದು ನಕ್ಕರು. ಸಭೆಯೂ ನಕ್ಕಿತು. ನನಗೆ ಕೂತಿರಲಾಗಲಿಲ್ಲ. ಎದ್ದು ನಿಂತೆ.

"ಮರ್ತಿದ್ದಿಲ್ರಿ ಸರ್. ಬೀಗ ಹಾಕಿದ್ರು. ಚಾವಿ ಕದ್ದಾಕಿ ನಾನು."