ಯಾರೂ ಒಯ್ಯದ ಇಲಿ

ನರಸಿಂಹರಾಜಪುರದಲ್ಲಿ ರವಿಕೆ ಹೊಲಿದು ಬದುಕುತ್ತಿದ್ದ ಫರಹತ್‌ಳ ಹಿತ್ತಿಲಿಗೆ ಬಾರದ ಪ್ರಾಣಿಯಿರಲಿಲ್ಲ. ಬಸ್ಸಿಗೆ ಸಿಕ್ಕ ನಾಯಿ, ಕಣ್ಣು ಬಿಡದ ಬೆಕ್ಕಿನ ಮರಿ, ಯಾವುದಿದ್ದರೂ ಜನ ತಂದು ಅವಳಿಗೇ ಒಪ್ಪಿಸುತ್ತಿದ್ದರು. ಗಂಡ ತೀರಿಕೊಂಡು ಒಂಟಿಯಾಗಿದ್ದ ಅವಳಿಗೆ ಬೇಡವೆನ್ನಲು ಬರುತ್ತಿರಲಿಲ್ಲ.

೨೦೦೭ರ ಬೇಸಿಗೆಯಲ್ಲಿ, ಕೊಪ್ಪದಲ್ಲಿ ಬಣ್ಣದ ಮೀನು ಮಾರುತ್ತಿದ್ದ ಗೋವಿಂದ ಅಂಗಡಿ ಮುಚ್ಚಿದ. ಮೀನುಗಳೇನೋ ಖರ್ಚಾದವು. ಸಾಕುವವರಿಗೆಂದು ತರಿಸಿದ್ದ ಬಿಳಿ ಇಲಿಗಳನ್ನು ಕೇಳುವವರಿರಲಿಲ್ಲ. ಒಂದೇ ಗೂಡಿನಲ್ಲಿ ಕಿಕ್ಕಿರಿದು, ಕಚ್ಚಾಡಿ, ಮೈಯೆಲ್ಲ ಹುಣ್ಣಾಗಿದ್ದವು.

“ನೀವು ಒಯ್ದ್ರೆ ಸರಿ ಅಕ್ಕ. ಇಲ್ದಿದ್ರೆ ಹೊಳೆಗೆ ಬಿಡೋದೇ” ಎಂದ ಗೋವಿಂದ, ಸುದ್ದಿ ಕೇಳಿ ಅಂಗಡಿಗೆ ಬಂದ ಫರಹತ್‌ಳಿಗೆ.

ಫರಹತ್ ಗೂಡನ್ನು ಬಸ್ಸಿನಲ್ಲಿ ಮನೆಗೆ ತಂದಳು. ಗಂಡು ಹೆಣ್ಣುಗಳನ್ನು ಬೇರೆ ಮಾಡಿ, ಹುಣ್ಣು ತೊಳೆದು, ಹೊಲಿದು ಉಳಿದ ಹತ್ತಿಬಟ್ಟೆಯ ಚೂರುಗಳನ್ನು ಹಾಸಿದಳು. ಪಕ್ಕದ ಮನೆಯ ವಸಂತಮ್ಮ ಬೇಲಿಯಾಚೆಯಿಂದ ತರಕಾರಿ ಸಿಪ್ಪೆ ಕೊಡುತ್ತಾ ನಗುತ್ತಿದ್ದಳು. “ಊರೆಲ್ಲ ಇಲಿಗೆ ಪಾಷಾಣ ಇಟ್ರೆ ನೀನು ಹಾಸಿಗೆ ಹಾಸ್ತೀಯಲ್ಲೆ ಮಾರಾಯ್ತಿ!”

ಕೈಗೆ ಒಗ್ಗಿದವುಗಳನ್ನು ಫರಹತ್ ಸಾಕುತ್ತೇವೆಂದವರಿಗೆ ಜೋಡಿಜೋಡಿಯಾಗಿಯೇ ಕೊಟ್ಟಳು. ಒಂಟಿಯಾದರೆ ಇಲಿ ಮಂಕಾಗುತ್ತದೆ. ಭಂಡಿಗಡಿಯ ಮೇಷ್ಟರ ಮನೆಗೂ ಒಂದು ಜೋಡಿ ಹೋಯಿತು. ಕಡೆಗೆ ಯಾರೂ ಒಯ್ಯದ ಮೂರು ಉಳಿದವು. ಒಂದು, ಹೊಟ್ಟೆಯಡಿ ಗಡ್ಡೆ ಬೆಳೆದ ಮುದಿ ಹೆಣ್ಣು. ಇನ್ನೊಂದಕ್ಕೆ ಉಬ್ಬಸ. ಮೂರನೆಯದು ಕಿವಿ ಹರಿದ ದೊಡ್ಡ ಗಂಡು. ಹತ್ತಿರ ಬಂದ ಕೈಯನ್ನೆಲ್ಲ ಕಚ್ಚುತ್ತಿತ್ತು. ಫರಹತ್‌ಳ ಹೆಬ್ಬೆರಳನ್ನೂ ಬಿಟ್ಟಿರಲಿಲ್ಲ.

ಆ ಮಳೆಗಾಲದಲ್ಲಿ ವಸಂತಮ್ಮನ ಗಂಡ ಹೂವಪ್ಪ ನಾಟಿ ಗದ್ದೆಯಿಂದ ಜ್ವರ ಹೊತ್ತು ಬಂದ. ಕಣ್ಣು ಹಳದಿಯಾಯಿತು, ಮೂತ್ರ ಕಟ್ಟಿತು. ಶಿವಮೊಗ್ಗಕ್ಕೆ ಒಯ್ದರೂ ಉಳಿಯಲಿಲ್ಲ. ಡಾಕ್ಟರು ಇಲಿಜ್ವರ ಎಂದರು.

ಕೇರಿಯ ಕಣ್ಣೆಲ್ಲ ಫರಹತ್‌ಳ ಹಿತ್ತಿಲ ಮೇಲೆ ಬಿತ್ತು. ಆರೋಗ್ಯ ಇಲಾಖೆಯವರು ಬಂದು, ಗದ್ದೆ ನೀರಿನಿಂದ ಕಾಲಿನ ಗಾಯಕ್ಕೆ ತಗುಲಿರಬೇಕು, ಗೂಡು ಬಿಟ್ಟು ಬಾರದ ಇಲಿಗಳಿಂದಲ್ಲ ಎಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಫರಹತ್‌ಳಿಗೂ ಪೂರ್ತಿ ಧೈರ್ಯ ಬರಲಿಲ್ಲ; ಗೂಡು ತೊಳೆದ ನೀರು ಹರಿದ ದಾರಿಯನ್ನು ಮತ್ತೆ ಮತ್ತೆ ನೋಡಿ ಬರುತ್ತಿದ್ದಳು. ಅಷ್ಟರಲ್ಲಿ ಮೇಷ್ಟರ ಫೋನ್ ಬಂತು: “ಹೆದರಿಕೆ ಆಯ್ತಮ್ಮ. ಇಲಿಗಳನ್ನ ತೋಟಕ್ಕೆ ಬಿಟ್ವಿ. ಆರಾಮಾಗಿ ಇರ್ತಾವೆ ಬಿಡಿ.” ಕೈತುತ್ತು ತಿಂದು ಬೆಳೆದ ಬಿಳಿ ಇಲಿ ತೋಟದಲ್ಲಿ ಒಂದು ರಾತ್ರಿಯೂ ಬಾಳದೆಂದು ಅವಳಿಗೆ ಗೊತ್ತಿತ್ತು.

ತಿಥಿ ಮುಗಿದ ಮೇಲೆ ವಸಂತಮ್ಮ ಬೇಲಿಯ ಬಳಿ ಬಂದಳು.

“ನಿಂದು ತಪ್ಪು ಅಂತ ನಾ ಹೇಳಲ್ಲ. ಆದ್ರೆ ಅವು ಕೀಚ್ ಅಂದ್ರೆ ಸಾಕು, ಇವ್ರು ನರಳಿದ್ದೇ ಕೇಳ್ತದೆ. ತೆಗ್ದುಬಿಡು.”

“ಎಲ್ಲಿಗೆ ತೆಗೀಲಿ ವಸಂತಕ್ಕ? ಇವನ್ನ ಯಾರೂ ಒಯ್ಯಲ್ಲ. ಕೊಲ್ಬೇಕು ಅಷ್ಟೆ.”

“ಹಂಗಾದ್ರೆ ಕೊಲ್ಲು.”

ಫರಹತ್ ಮೂರನ್ನೂ ದನದ ಆಸ್ಪತ್ರೆಗೆ ಹೊತ್ತೊಯ್ದಳು. ಮುದಿಯದರ ಗಡ್ಡೆ ಒಡೆದಿತ್ತು. ಇನ್ನೊಂದು ಬಾಯಿ ತೆರೆದು ಉಸಿರೆಳೆಯುತ್ತಿತ್ತು. ಡಾಕ್ಟರು ಎರಡಕ್ಕೂ ಸೂಜಿ ಹಾಕಿದರು. ಮೈ ತಣ್ಣಗಾಗುವವರೆಗೆ ಅವಳು ಒಂದೊಂದನ್ನೂ ಅಂಗೈಯಲ್ಲೇ ಹಿಡಿದಿದ್ದಳು.

“ಇದನ್ನೂ ಮುಗಿಸೋದಾ?” ಡಾಕ್ಟರು ಹರಿದ ಕಿವಿಯದನ್ನು ತೋರಿಸಿದರು.

ಹೂಂ ಎನ್ನಲೆಂದೇ ಅವಳು ಬಂದಿದ್ದಳು. ಅದು ಸರಳಿಗೆ ಮೂಗೊತ್ತಿ ನಿಂತಿತ್ತು.

“ಇದಕ್ಕೆ ಕಾಯಿಲೆ ಇಲ್ವಲ್ಲ ಸಾರ್” ಎಂದು ಗೂಡನ್ನೆತ್ತಿಕೊಂಡು ಹೊರಟಳು.

ಗೂಡನ್ನು ಬೇಲಿಯಿಂದ ದೂರದ ತನ್ನ ಮಲಗುವ ಕೋಣೆಗೆ ಸಾಗಿಸಿದಳು. ವಸಂತಮ್ಮ ಮಾತು ಬಿಟ್ಟಳು. ಕೇರಿಯ ಹೆಂಗಸರು ರವಿಕೆ ಹೊಲಿಸಲು ಬೇರೆ ಕಡೆ ಹೋದರು. ಇಲಿ ಮಾತ್ರ ಅವಳಿಗೆ ಕಡೆಯವರೆಗೂ ಒಗ್ಗಲಿಲ್ಲ. ಮರುವರ್ಷ ಅದರ ಹಿಂಗಾಲುಗಳ ಸ್ವಾಧೀನ ತಪ್ಪಿತು. ನೆನೆಸಿದ ಅನ್ನವನ್ನು ಚಮಚದಲ್ಲಿ ಕೊಟ್ಟರೆ ಮೊದಲು ಚಮಚವನ್ನು ಕಚ್ಚಿ ಆಮೇಲೆ ತಿನ್ನುತ್ತಿತ್ತು. ಒಂದು ಬೆಳಿಗ್ಗೆ ಅಲುಗಲಿಲ್ಲ. ಅವಳು ಮೊದಲ ಸಲ ಅದರ ಬೆನ್ನು ಸವರಿದಳು.

ಹಿತ್ತಿಲಲ್ಲಿ ಮಣ್ಣು ಮುಚ್ಚುವಾಗ ವಸಂತಮ್ಮ ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದಳು.

“ಸತ್ತುಹೋಯ್ತಾ?”

“ಹೂಂ, ವಸಂತಕ್ಕ.”

ವಸಂತಮ್ಮ ಕೈಯಲ್ಲಿದ್ದ ಸೀರೆ ಕೊಡವಿ ಹಗ್ಗಕ್ಕೆ ಹಾಕಿದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.