ಮೊದಲ ಉಸಿರು ಕಾಕನದು

ಕಾಕನ ಕೆಳತುಟಿಯ ನಡುವೆ ಉಸಿರಾಟದ ಕೊಳವೆಯ ರಬ್ಬರ್ ತುದಿ ಕಚ್ಚಿ ಕಚ್ಚಿ ಆದ ಒಂದು ಕಪ್ಪು ಗೆರೆಯಿತ್ತು. ಒಮಾನಿನ ವಾದಿ ಕಬೀರಿನಲ್ಲಿ, ಗ್ಯಾರೇಜುಗಳ ನಡುವೆ, ಡೈವರುಗಳ ಸಿಲಿಂಡರಿಗೆ ಗಾಳಿ ತುಂಬಿಕೊಡುವ ಸಣ್ಣ ವರ್ಕ್‌ಶಾಪ್ ಅವರದು. ತುಂಬಿದ ಪ್ರತಿ ಸಿಲಿಂಡರಿನ ಗಾಳಿಯನ್ನೂ ಮೊದಲು ತಾವೇ ಹತ್ತು ನಿಮಿಷ ಉಸಿರಾಡಿ ನೋಡುತ್ತಿದ್ದರು. ಗಾಳಿ ಪರೀಕ್ಷಿಸುವ ಮೀಟರ್ ಇತ್ತು. ಅದರ ಮೇಲೆ ಸದಾ ಅವರ ಟೊಪ್ಪಿ ಇರುತ್ತಿತ್ತು. ಉಳ್ಳಾಲದ ಬ್ಯಾರಿ ಅವರು, ಮೈಸೂರಿನವನು ನಾನು. ರಜೆ ಬಂದರೆ ಸಮುದ್ರಕ್ಕಿಳಿಯುವ ಹುಚ್ಚು ನನ್ನದು, ಗಾಳಿ ಅವರದು.

ಆ ಸಲ ಇಳಿಯಬೇಕಿದ್ದುದು ಜರ್ಮನರ ಜಲಾಂತರ್ಗಾಮಿಯೊಂದನ್ನು ನೋಡಲು. ಎರಡನೇ ಮಹಾಯುದ್ಧದ ಕಾಲದಲ್ಲಿ ಸರಕಿನ ಹಡಗುಗಳನ್ನು ಮುಳುಗಿಸಲೆಂದು ಒಮಾನಿನ ಕಡಲಿಗೆ ಬಂದು, ವಿಮಾನದ ದಾಳಿಗೆ ತಾನೇ ಮುಳುಗಿದ್ದು. ಒಬ್ಬ ಮಾತ್ರ ಬದುಕಿ ಹೊರಬಂದನಂತೆ. ಉಳಿದವರು ಇನ್ನೂ ಅದರೊಳಗೇ ಇದ್ದಾರೆ. ಹೇಳಲು ನಾಚಿಕೆ, ಅದನ್ನು ನೋಡುವ ಆಸೆಗೆ ವಾರದಿಂದ ನಾನು ದಿನ ಎಣಿಸುತ್ತಿದ್ದೆ.

"ನನ್ನ ಅಜ್ಜ ಅಂಥಾ ಸರಕಿನ ಹಡಗಿನಲ್ಲೇ ಕಲ್ಲಿದ್ದಲು ಹಾಕ್ತಾ ಇದ್ದದ್ದು," ಎಂದರು ಕಾಕ. "ಹೋದವರು ಬರ್ಲಿಲ್ಲ. ಯಾವ ಸಬ್‌ಮೆರಿನ್ ಮುಳುಗಿಸಿತೋ ಯಾರಿಗೆ ಗೊತ್ತುಂಟು?"

"ಇವರ ಮೇಲೆ ಸಿಟ್ಟು ಬರಲ್ವಾ ಕಾಕಾ?"

"ಸಿಟ್ಟು ಉಂಟು. ಉಸಿರು ಕಟ್ಟಿ ಸತ್ತವರ ಮೇಲೆ ಎಷ್ಟು ದಿನ ಇಟ್ಟುಕೊಳ್ಳುದು ಮಾರಾಯ?"

ಹೊರಡುವ ಬೆಳಿಗ್ಗೆ ಧೂಳುಗಾಳಿ ಎದ್ದಿತು. ಸಿಲಿಂಡರಿಗೆ ಧೂಳು ಹೋದೀತೆಂದು, ಮಾಡಿನ ಮೇಲಿದ್ದ ಗಾಳಿ ಎಳೆಯುವ ಪೈಪನ್ನು ಗೋಡೆಯ ಮರೆಗೆ ಇಳಿಸಿದವನು ನಾನೇ. ಅದೇ ಮರೆಯಲ್ಲಿ ನನ್ನ ಪಿಕಪ್ ನಿಂತಿತ್ತು. ಒಳಗೆ ತಂಪಾಗಿರಲಿ ಎಂದು ಎ.ಸಿ. ಹಾಕಿ ಇಂಜಿನ್ ಆರಿಸದೆ ಬಿಟ್ಟಿದ್ದೆ. ಈ ಸೆಕೆಯಲ್ಲಿ ಇಲ್ಲಿ ಎಲ್ಲರೂ ಮಾಡುವುದು ಹಾಗೆಯೇ. ಸಿಲಿಂಡರ್ ತುಂಬಿದ ಮೇಲೆ, "ಹೊತ್ತಾಯ್ತು ಕಾಕಾ, ಇವತ್ತೊಂದಿನ ಉಸಿರಾಡಿ ನೋಡೋದು ಬೇಡ," ಎಂದೆ. ಅವರು ಡಬ್ಬದ ಮೇಲೆ ಕೂತು ರಬ್ಬರ್ ಕಚ್ಚಿದರು.

ಏಳನೇ ನಿಮಿಷಕ್ಕೆ ಹಣೆ ಒತ್ತಿಕೊಂಡರು. ಎದ್ದವರು ಗೋಡೆ ಹಿಡಿದು ವಾಂತಿ ಮಾಡಿದರು. ಆಮೇಲೆ ತಡವರಿಸುತ್ತ ಹೊರಗೆ ಹೋಗಿ, ಪೈಪನ್ನು ನೋಡಿ, ಪಿಕಪ್ಪಿನ ಹೊಗೆಯನ್ನು ನೋಡಿ, ಇಂಜಿನ್ ಆರಿಸಿದರು. ನನ್ನನ್ನು ಬೈಯಲಿಲ್ಲ.

"ಖಲಾಸ್. ಇವತ್ತು ಯಾರೂ ಇಳಿಯುದಿಲ್ಲ. ಕೆಳಗೆ ಇರುವವರೇ ಸಾಕು."

ಆ ಜಲಾಂತರ್ಗಾಮಿಯನ್ನು ನಾನು ಇಂದಿಗೂ ನೋಡಿಲ್ಲ.

ಹೋದ ವರ್ಷ ಕಾಕನ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ಆಕ್ಸಿಜನ್ ಮಾಸ್ಕನ್ನು ಪದೇ ಪದೇ ಕಿತ್ತೆಸೆಯುತ್ತಿದ್ದರು. ನರ್ಸ್ ಸೋತು ನನ್ನನ್ನು ಕರೆದರು. ಕಾಕನ ಕಣ್ಣಲ್ಲಿ ಹೆದರಿಕೆ ಕಂಡದ್ದು ಅದೇ ಮೊದಲು. ನನ್ನ ಕೈ ಹಿಡಿದು ಪಿಸುಗುಟ್ಟಿದರು:

"ಈ ಗಾಳಿ ಯಾರು ನೋಡಿದ್ದು?"

ನಾನು ಮಾಸ್ಕನ್ನು ನನ್ನ ಮುಖಕ್ಕೆ ಹಿಡಿದು, ಅವರು ನೋಡುತ್ತಿದ್ದಂತೆ ನಾಲ್ಕು ಸಲ ಉಸಿರೆಳೆದೆ.

"ನಾನು ನೋಡಿದೆ ಕಾಕಾ. ಒಳ್ಳೇದಿದೆ."

ಆಮೇಲೆ ಅವರು ಅದನ್ನು ಕೀಳಲಿಲ್ಲ.