ಮೊದಲು ಬಲ್ಬ್ ಮಂಕಾಗ್ಲಿ

ಕಲ್ಕತ್ತಾದ ಟಾಲಿಗಂಜ್‌ನಲ್ಲಿ ನಮ್ಮ ಕೆಳಗಿನ ಫ್ಲಾಟಿನಲ್ಲಿ ಧಾರವಾಡದ ಕಡೆಯ ಫಿಸಿಕ್ಸ್ ಲೆಕ್ಚರರ್ ಒಬ್ಬರಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಊಟದ ಮೇಜಿನ ಮೇಲೆ ಹಳೆಯ ವಾಲ್ವ್ ರೇಡಿಯೋ ಬಿಚ್ಚಿ ಬೆಸುಗೆ ಹಾಕುತ್ತಿದ್ದರು. ಟಾರ್ಚ್ ಹಿಡಿಯುತ್ತಿದ್ದವನು ನನ್ನ ಗಂಡ. ಸಾಲ್ಟ್ ಲೇಕಿನಲ್ಲಿ ಸಾಫ್ಟ್‌ವೇರ್ ಕಂಪನಿಗಳು ಏಳುತ್ತಿದ್ದ ಕಾಲ. ಅಲ್ಲಿ ಕೆಲಸ ಮುಗಿಸಿ ಬಂದವನೇ ಕೆಳಗಿಳಿಯುತ್ತಿದ್ದ. ನಮ್ಮ ಬಚ್ಚಲಿನ ಬಲ್ಬ್ ಸುಟ್ಟು ಎಷ್ಟೋ ವಾರಗಳಾಗಿದ್ದವು.

ರೇಡಿಯೋಗೆ ನೇರವಾಗಿ ಕರೆಂಟ್ ಕೊಡದೆ ಆಕೆ ನಡುವೆ ಒಂದು ಬಲ್ಬ್ ಜೋಡಿಸುತ್ತಿದ್ದರು. ಅದು ಧಗಧಗ ಉರಿಯುತ್ತಲೇ ಇದ್ದರೆ ಒಳಗೆ ದೋಷ, ಮಂಕಾದರೆ ಕ್ಷೇಮ. “ಅವಸರ ಮಾಡಬ್ಯಾಡ್ರಿ, ಮೊದಲು ಬಲ್ಬ್ ಮಂಕಾಗ್ಲಿ,” ಎನ್ನುತ್ತಿದ್ದರು. ಗಂಡ ಊಟಕ್ಕೆ ಕೂತಾಗಲೂ ಅದನ್ನೇ ಹೇಳುತ್ತಿದ್ದ. ನನ್ನ ಹೊಟ್ಟೆಯ ಉರಿ ಮಾತ್ರ ಮಂಕಾಗುವ ಲಕ್ಷಣವಿರಲಿಲ್ಲ.

ಬಂಗಾಳಿಗಳು ರೇಡಿಯೋ ಕೇಳಲೆಂದೇ ಏಳುವ ಮಹಾಲಯದ ಬೆಳಗಿನ ಜಾವ ಕಟ್ಟಡದವರೆಲ್ಲ ಅವರ ಮನೆಯಲ್ಲಿ ಸೇರಿದರು. ರೇಡಿಯೋದಲ್ಲಿ ಚಂಡೀಪಾಠ ಮೊಳಗಿತು. ಗಂಡ ಚಪ್ಪಾಳೆ ತಟ್ಟಿದ.

“ದನಿಯ ಹಿಂದೆ ಗುಂಯ್ ಅಂತಿದೆಯಲ್ಲ,” ಎಂದೆ, ಚುಚ್ಚಲೆಂದೇ.

ಆಕೆ ಕಿವಿಗೊಟ್ಟು ಕೇಳಿ, ನನ್ನ ಕೈ ಹಿಡಿದರು. “ಖರೇ ಅದ! ನಿಮ್ಮ ಯಜಮಾನ್ರಿಗೆ ಒಮ್ಮೆನೂ ಕೇಳಿಸಲಿಲ್ಲ ನೋಡ್ರಿ. ಸಂಜಿಗೆ ನೀವ ಬರ್ರಿ.”

ಸಂಜೆ ಟಾರ್ಚ್ ಹಿಡಿದು ಹೊರಟೆ. ಗಂಡ ಮುಖ ಸಣ್ಣದು ಮಾಡಿಕೊಂಡು ಬಾಗಿಲಲ್ಲಿ ನಿಂತ. “ನಾನೂ ಬರಲಾ?”

“ಅವಸರ ಮಾಡಬ್ಯಾಡ್ರಿ,” ಎಂದೆ, ಆಕೆಯದೇ ಧಾಟಿಯಲ್ಲಿ. “ಮೊದಲು ಬಚ್ಚಲಿನ ಬಲ್ಬ್ ಹಾಕ್ರಿ.”